ಮೂರು ಮಾರು ದೂರದ ಗೆಳೆತನ

ಕಳೆದ ತಿಂಗಳು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವರು ಎರಡು ಸಲ ಕೆಮ್ಮಿದರು. ಅಂಥ ದೊಡ್ಡ ಕೆಮ್ಮೇನಲ್ಲ, ಬೀಡಿ ಸೇದುವವರಿಗೆ ಬರುವ ಒಣ ಕೆಮ್ಮು. ಮೂರನೆಯ ಸಲ ಕೆಮ್ಮುವಷ್ಟರಲ್ಲಿ ನಾನು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತುಬಿಟ್ಟಿದ್ದೆ. ಎದ್ದದ್ದು ನನಗೇ ಗೊತ್ತಾಗಲಿಲ್ಲ, ಕಾಲುಗಳು ತಾವಾಗಿ ಎದ್ದವು. ಆತ ತಿರುಗಿ ನೋಡಿದರು. ನೋಟದಲ್ಲಿ ಕೋಪವಿರಲಿಲ್ಲ. ತಮ್ಮ ಅಂಗಿಯನ್ನೊಮ್ಮೆ, ಕೈಗಳನ್ನೊಮ್ಮೆ ನೋಡಿಕೊಂಡು ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ಇಪ್ಪತ್ತೈದು ವರ್ಷಗಳಿಂದ ಇಂಥ ನೋಟಗಳನ್ನು ಸಂಪಾದಿಸಿಕೊಂಡು ಬಂದವನು ನಾನು. ಇಳಿಯುವ ಮುಂಚೆ ಅವರಿಗೆ ಏನಾದರೂ ಹೇಳೋಣವೆನ್ನಿಸಿತು. ಏನೆಂದು ಹೇಳುವುದು? ಮನೆಯಲ್ಲಿ ಮಗಳಿದ್ದಾಳೆ, ಅವಳಿಗೆ ನಿಮ್ಮ ಕೆಮ್ಮು ಆಗದು ಎಂದು ಶುರುಮಾಡಿದರೆ, ಮಾತು ಮುಗಿಯುವಷ್ಟರಲ್ಲಿ ಬಸ್ಸು ಚಿಂತಾಮಣಿ ದಾಟಿರುತ್ತದೆ. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಇಳಿಯುವ ಅವಸರವಿಲ್ಲ ಎಂದುಕೊಂಡಿದ್ದೇನೆ.

ನನ್ನ ಮಗಳು ಉಷಾ ಹುಟ್ಟಿದ್ದು ಎಂಬತ್ತರ ದಶಕದ ಮೊದಲಲ್ಲಿ. ನಾನಾಗ ಚಿಂತಾಮಣಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮಗುವಿನಲ್ಲಿ ಏನೋ ಬೇರೆ ಇದೆಯೆಂದು ಮೊದಲು ಗುರುತಿಸಿದವಳು ಕೆಂಚಾರ್ಲಹಳ್ಳಿಯಲ್ಲಿದ್ದ ನನ್ನ ತಾಯಿ. ಗಡಿಯ ಕಡೆಯ ಹೆಂಗಸು. ಅರ್ಧ ತೆಲುಗು, ಅರ್ಧ ಕನ್ನಡ. "ಏಮ್ರಾ, ಈ ಕೂಸಿಗೆ ಮುತ್ತಿಟ್ರೆ ತುಟಿಯೆಲ್ಲ ಉಪ್ಪುಪ್ಪಾಗ್ತದೆ" ಅಂದಳು. ನಾವು ನಕ್ಕೆವು. ಬೇಸಿಗೆಯ ಬೆವರು ಎಂದೆವು. ಆಮೇಲೆ ಕೆಮ್ಮು ಶುರುವಾಯಿತು. ಎಷ್ಟು ತಿಂದರೂ ಮೈಗೆ ಹತ್ತದು. ಒಂದು ವರ್ಷ ಕ್ಷಯದ ಔಷಧಿ ಕುಡಿಸಿದೆವು, ತಾಯಿತ ಕಟ್ಟಿಸಿದೆವು, ಹಾಲು ಬಿಡಿಸಿದೆವು, ಮತ್ತೆ ಹಾಲು ಕುಡಿಸಿದೆವು. ಅವಳಿಗೆ ಆರು ತುಂಬಿದಾಗ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರು ಅವಳ ತೋಳಿನ ಬೆವರು ತೆಗೆಸಿ ಪರೀಕ್ಷೆ ಮಾಡಿಸಿ, ರೋಗದ ಹೆಸರು ಹೇಳಿದರು: ಸಿಸ್ಟಿಕ್ ಫೈಬ್ರೋಸಿಸ್. ಗುಮಾಸ್ತನ ಬುದ್ಧಿ ನೋಡಿ, ಮಗಳಿಗೆ ಏನಾಗಿದೆಯೆಂದು ಕೇಳುವ ಮೊದಲು ಕಾಗುಣಿತ ಕೇಳಿ ಬರೆದುಕೊಂಡೆ.

ಅವರು ಬಿಡಿಸಿ ಹೇಳಿದರು. ಎಲ್ಲರ ಎದೆಯಲ್ಲೂ ಕಫ ತೆಳ್ಳಗಿರುತ್ತದೆ, ಈ ಮಕ್ಕಳಲ್ಲಿ ಅದು ಗೋಂದಿನಂತೆ ಗಟ್ಟಿ. ಒಳಗೆ ಹೋದ ರೋಗಾಣು ಅಲ್ಲೇ ಅಂಟಿಕೊಳ್ಳುತ್ತದೆ. ಬೇರೆಯವರಿಗೆ ಮೂರು ದಿನದ ನೆಗಡಿ ಇವಳಿಗೆ ಮೂರು ತಿಂಗಳು. ಪ್ರತಿ ಸಲವೂ ಶ್ವಾಸಕೋಶದ ಒಂದಿಷ್ಟು ಭಾಗ ಕೆಡುತ್ತದೆ, ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ. "ಬಂದಿದ್ದಕ್ಕೆ ಔಷಧಿ ನಾನು ಕೊಡ್ತೀನಿ. ಬರದ ಹಾಗೆ ನೋಡ್ಕೊಳ್ಳೋದು ನೀವು" ಎಂದು ಹೇಳಿ ಕಳಿಸಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಮಡಿ ಶುರುವಾಯಿತು. ಒಕ್ಕಲಿಗರ ಮನೆಯಲ್ಲಿ ಅಂಥ ಮಡಿಯನ್ನು ಯಾರೂ ಕಂಡಿರಲಿಲ್ಲ. ಬಂದವರು ಬಾಗಿಲ ಹೊರಗಿನ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆಯಬೇಕು. ನೆಗಡಿಯಾಗಿದ್ದರೆ ಜಗಲಿಯಿಂದಲೇ ಮಾತಾಡಿಸಿ ಹೋಗಬೇಕು. ನೀರು ಕುದಿಸಿ ಆರಿಸಿ, ಅವಳ ಲೋಟವನ್ನು ಬೇರೆ ಇಡುತ್ತಿದ್ದೆವು. ಒಕ್ಕಣೆಯ ಧೂಳಿನ ಕಾಲದಲ್ಲಿ ಕೆಂಚಾರ್ಲಹಳ್ಳಿಗೆ ಕರೆದೊಯ್ಯುವಂತಿರಲಿಲ್ಲ. ಹುಲ್ಲಿನ ಮೆದೆ, ಗೊಬ್ಬರದ ಗುಂಡಿ, ಕೆರೆಯ ನೀರು, ಒದ್ದೆ ಗೋಡೆ, ತರಗತಿಯಲ್ಲಿ ಕೆಮ್ಮುವ ಮಕ್ಕಳ ಬೆಂಚು, ಎಲ್ಲವೂ ಬೇಡದ್ದು. ಗೌರಿಬಿದನೂರಿನಲ್ಲಿ ನನ್ನ ಹೆಂಡತಿ ಸರೋಜಳ ತಂಗಿಯ ಮದುವೆಯಾದಾಗ ನಾವು ಮನೆಯಿಂದಲೇ ನೀರಿನ ಕ್ಯಾನು, ಅನ್ನದ ಡಬ್ಬಿ ಹೊತ್ತುಕೊಂಡು ಹೋಗಿ ಛತ್ರದ ಹೊರಗೆ ಬೇವಿನ ಮರದ ಕೆಳಗೆ ಕೂತೆವು. ತಮ್ಮ ಊಟ ಇವರ ಗಂಟಲಲ್ಲಿ ಇಳಿಯುವುದಿಲ್ಲವೆಂದು ಬೀಗರು ಬೇಜಾರು ಮಾಡಿಕೊಂಡರು. ಸರೋಜಳ ಸೋದರತ್ತೆ ಮುಂದೆ ಮೂರು ವರ್ಷ ನಮ್ಮೊಂದಿಗೆ ಮಾತು ಬಿಟ್ಟರು. ಎಲ್ಲರ ಮನೆಯಲ್ಲೂ ಉಂಡು ಎಲ್ಲರಿಗೂ ಬಡಿಸಿ ಬೆಳೆದ ನನ್ನ ತಾಯಿಯಂತೂ, ತನ್ನ ಮೊಮ್ಮಗಳನ್ನು ಎತ್ತಿಕೊಳ್ಳಲು ತಾನೇ ಕೈ ತೊಳೆದುಕೊಂಡು ನಿಲ್ಲಬೇಕಾದಾಗ, ಯಾವ ಜನ್ಮದ ಮಡಿಯಪ್ಪಾ ಇದು ಎಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಸೆರಗಿನಲ್ಲಿ ಒರೆಸಿದ್ದಕ್ಕೆ ನಾನು ಮತ್ತೆ ತೊಳೆಸುತ್ತಿದ್ದೆ. ಆ ದಿನಗಳ ನನ್ನನ್ನು ನೆನೆದರೆ ನನಗೇ ಸ್ವಲ್ಪ ಭಯವಾಗುತ್ತದೆ.

ಅನ್ವರ್ ಸಾಬರ ಪರಿಚಯವಾದದ್ದು ಅದೇ ಆಸ್ಪತ್ರೆಯಲ್ಲಿ. ಎದೆಯಲ್ಲಿ ಕಟ್ಟಿದ ಕಫ ಸಡಿಲವಾಗಲೆಂದು ಮಗುವನ್ನು ದಿಂಬಿನ ಮೇಲೆ ತಲೆ ತಗ್ಗಿಸಿ ಮಲಗಿಸಿ, ಅಂಗೈಯನ್ನು ಬಟ್ಟಲಿನಂತೆ ಮಾಡಿ ಬೆನ್ನಿನ ಮೇಲೆ ತಟ್ಟಬೇಕು. ದಿನಕ್ಕೆ ಎರಡು ಸಲ, ಬದುಕಿರುವವರೆಗೆ. ಅದನ್ನು ಕಲಿಸಲು ನಮ್ಮಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ನಾನು ಹೆದರಿ ಹೆದರಿ ತಟ್ಟುತ್ತಿದ್ದೆ, ಸದ್ದೇ ಬರುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಏಳು ವರ್ಷದ ಹುಡುಗನೊಬ್ಬನ ಬೆನ್ನಿನ ಮೇಲೆ ಎತ್ತರದ ಆಸಾಮಿಯೊಬ್ಬರು, ರಾಗಿ ರೊಟ್ಟಿ ತಟ್ಟುವವರಂತೆ ಹದವಾಗಿ ತಟ್ಟುತ್ತಿದ್ದರು. ಅವರ ಬೆರಳ ತುದಿಗಳು ಬಿಸಿನೀರಿನಲ್ಲಿ ನೆಂದು ನೆಂದು ಬೆಳ್ಳಗೆ ಸುಕ್ಕಾಗಿದ್ದವು. ಶಿಡ್ಲಘಟ್ಟದವರು, ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕಸುಬು. ಹುಡುಗನ ಹೆಸರು ಇಮ್ತಿಯಾಜ್. ಅವನಿಗೂ ಅದೇ ರೋಗ. ನಮ್ಮ ಕಡೆ ಇದು ಬಲು ಅಪರೂಪ, ಇಷ್ಟು ಹತ್ತಿರದ ಊರುಗಳ ಇಬ್ಬರು ಮಕ್ಕಳನ್ನು ತಾವು ಕಂಡೇ ಇರಲಿಲ್ಲ ಎಂದು ಡಾಕ್ಟರಮ್ಮ ಆಶ್ಚರ್ಯಪಟ್ಟರು. ಅಂದು ಒಂದೇ ಬಸ್ಸಿನಲ್ಲಿ ಊರಿನ ಕಡೆಗೆ ಬಂದೆವು. ಶಿಡ್ಲಘಟ್ಟದಲ್ಲಿ ಇಳಿಯುವ ಹೊತ್ತಿಗೆ ಅವರು ನನ್ನನ್ನು ಅಣ್ಣ ಎನ್ನತೊಡಗಿದ್ದರು.

ಅವರ ಮನೆಯ ಹಿಂಭಾಗದಲ್ಲೇ ನೂಲಿನ ಕೆಲಸ ನಡೆಯುತ್ತಿತ್ತು. ದಿನವಿಡೀ ಬೆಚ್ಚನೆಯ ನೀರಿನ ತೊಟ್ಟಿಗಳು, ಹಬೆ, ಸತ್ತ ಹುಳುಗಳ ವಾಸನೆ, ಆರದ ನೆಲ. ಅಂಥ ನೀರಿನಲ್ಲೇ ಈ ಮಕ್ಕಳ ಶತ್ರು ಬೆಳೆಯುವುದೆಂದು ಡಾಕ್ಟರಮ್ಮ ಹೇಳಿದ ಮರುವಾರವೇ ಅನ್ವರ್ ಸಾಬರು ತೊಟ್ಟಿಗಳನ್ನೆಲ್ಲ ಕಿತ್ತು ಊರಾಚೆಯ ಒಂದು ಶೆಡ್ಡಿಗೆ ಸಾಗಿಸಿದರು. ತಾತನ ಕಾಲದಿಂದ ಮನೆಯೊಳಗೇ ಇದ್ದ ಕಸುಬು ಅದು. ಸಂಜೆ ಶೆಡ್ಡಿನಿಂದ ಬಂದವರು ಅಂಗಳದಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೆ ಮಗನ ಹತ್ತಿರ ಹೋಗುತ್ತಿದ್ದರು. ನನ್ನ ಮಡಿ ಏನೂ ಅಲ್ಲ ಅವರ ಮುಂದೆ.

ನಾಲ್ಕು ವರ್ಷ ನಮ್ಮ ಭಾನುವಾರಗಳು ಹೀಗೆ ನಡೆದವು: ಒಂದು ವಾರ ನಾವು ಅವರ ಮನೆಗೆ, ಇನ್ನೊಂದು ವಾರ ಅವರು ನಮ್ಮ ಮನೆಗೆ. ಲೋಕದಲ್ಲಿ ನಾವು ಕೈ ತೊಳೆಯಿರಿ ಎಂದು ಹೇಳಬೇಕಿಲ್ಲದ ಮನೆ ಅದೊಂದೇ. ಅನ್ವರ್ ಸಾಬರ ಹೆಂಡತಿ ಫಾತಿಮಾ ಮತ್ತು ಸರೋಜ ಒಲೆಯ ಮುಂದೆ ಕೂತು, ನೀರು ಎಷ್ಟು ಹೊತ್ತು ಕುದಿಯಬೇಕೆಂಬ ವಿಷಯವನ್ನೇ ಬೇರೆ ಹೆಂಗಸರು ಸೀರೆಯ ವಿಷಯ ಮಾತಾಡುವಂತೆ ಮಾತಾಡುತ್ತಿದ್ದರು. ಉಷಾ ಶಾಲೆಯಲ್ಲಿ ಕೆಮ್ಮು ಬಂದರೆ ನುಂಗಿಕೊಳ್ಳುತ್ತಿದ್ದಳು. ಇಮ್ತಿಯಾಜನ ಮುಂದೆ ಮನಸಾರೆ ಕೆಮ್ಮುತ್ತಿದ್ದಳು. ಚೌಕಾಬಾರ ಆಡುತ್ತ ಆಡುತ್ತ ಒಬ್ಬರಿಗೆ ಕೆಮ್ಮು ಬಂದರೆ ಇನ್ನೊಬ್ಬರು ಕವಡೆ ಹಿಡಿದು ಸುಮ್ಮನೆ ಕಾಯುತ್ತಿದ್ದರು. ಅಷ್ಟೇ. ಯಾರೂ ಏನೂ ಕೇಳುತ್ತಿರಲಿಲ್ಲ. ಸಂಜೆ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಬೋರಲು ಮಲಗಿಸಿ ನಾವಿಬ್ಬರು ಅಪ್ಪಂದಿರು ತಟ್ಟುತ್ತಿದ್ದೆವು.

ಐದನೆಯ ವರ್ಷದ ಒಂದು ತಪಾಸಣೆಗೆ ಉಷಾಳನ್ನು ಕರೆದುಕೊಂಡು ಹೋದಾಗ ಡಾಕ್ಟರಮ್ಮ ಅವಳನ್ನು ಹೊರಗೆ ಕಳಿಸಿ ನನ್ನನ್ನು ಕೂರಿಸಿಕೊಂಡರು. ಇಮ್ತಿಯಾಜನ ಕಫದಲ್ಲಿ ಹಠಮಾರಿ ರೋಗಾಣುವೊಂದು ನೆಲೆಯೂರಿದೆ, ಔಷಧಿಗೆ ಬಗ್ಗುತ್ತಿಲ್ಲ ಎಂದರು. ನಮಗೆ ನಿಮಗೆ ಅದರಿಂದ ಏನೂ ಆಗದು, ಆದರೆ ಅದೇ ರೋಗವಿರುವ ಇನ್ನೊಂದು ಮಗುವಿಗೆ ಅಂಟಬಹುದೆಂದು ಈಗೀಗ ತಿಳಿದುಬರುತ್ತಿದೆ, ಉಷಾಳ ಎದೆಯಲ್ಲಿ ಇನ್ನೂ ಅದಿಲ್ಲ ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು: "ಈ ಇಬ್ಬರು ಮಕ್ಕಳು ಇನ್ಮೇಲೆ ಒಂದು ಕೋಣೇಲಿ ಕೂರಬಾರದು. ಅನ್ವರ್ ಅವರು ಮುಂದಿನ ತಿಂಗಳು ಬರ್ತಾರೆ, ನಾನೂ ಹೇಳ್ತೀನಿ. ಅಲ್ಲೀವರೆಗೆ ನೀವು ಹುಷಾರಾಗಿರಿ."

ನಾನು ಅನ್ವರ್ ಸಾಬರಿಗೆ ತಕ್ಷಣ ತಿಳಿಸಬೇಕಿತ್ತು. ಒಂದು ಇನ್‌ಲ್ಯಾಂಡ್ ಪತ್ರ ಸಾಕಿತ್ತು. ಕಚೇರಿಯಲ್ಲಿ ದಿನಕ್ಕೆ ಇಪ್ಪತ್ತು ಪತ್ರ ಬರೆಯುವ ನನಗೆ ಇದೊಂದನ್ನು ಬರೆಯಲಾಗಲಿಲ್ಲ. ನಿನ್ನ ಮಗ ನನ್ನ ಮಗಳಿಗೆ ಅಪಾಯ ಎಂಬ ಮಾತನ್ನು ಯಾವ ವಾಕ್ಯದಲ್ಲಿ ಇಡುವುದು? ಡಾಕ್ಟರಮ್ಮ ಹೇಗೂ ಹೇಳುತ್ತಾರಲ್ಲ ಎಂದು ಅವರ ಮೇಲೆ ಹಾಕಿ ಕೂತೆ. ಭಾನುವಾರ ಬಂತು. ಅನ್ವರ್ ಸಾಬರು ಮಗನ ಕೈ ಹಿಡಿದುಕೊಂಡು ಎಂದಿನಂತೆ ಬಸ್ಸಿಳಿದು ನಮ್ಮ ಗೇಟಿನ ಹತ್ತಿರ ಬಂದರು. ನಾನು ಓಡಿಹೋಗಿ ಗೇಟಿನ ಅಗಳಿಯ ಮೇಲೆ ಕೈಯಿಟ್ಟು ನಿಂತೆ.

"ಉಷಾಗೆ ನೆಗಡಿ ಅನ್ವರ್ ಸಾಬ್ರೆ. ಹುಡುಗನಿಗೆ ಅಂಟ್ಕೊಂಡ್ರೆ ಕಷ್ಟ" ಎಂದೆ.

ಅವರು ಕೂಡಲೇ ಮಗನನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡರು. ಹೇಳಿ ಒಳ್ಳೆಯದು ಮಾಡಿದಿರಿ, ಮಗು ಹುಷಾರು ಎಂದು ಹೇಳಿ ಹೊರಟೇಬಿಟ್ಟರು. ಮುಂದಿನ ಭಾನುವಾರ ನಾವು ಹೋಗಲಿಲ್ಲ. ಅದರ ಮುಂದಿನ ಭಾನುವಾರ ಅವರು ಮತ್ತೆ ಬಂದರು. ನಾನು ಮತ್ತೆ ಗೇಟಿನಲ್ಲಿ ನಿಂತು ಅದೇ ಸುಳ್ಳು ಹೇಳಿದೆ. ಅಷ್ಟರಲ್ಲಿ ಒಳಗೆ ಉಷಾ ಯಾವುದಕ್ಕೋ ಗಟ್ಟಿಯಾಗಿ ನಕ್ಕಳು. ಇಮ್ತಿಯಾಜ್ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. ಅವರು ಬಸ್ ನಿಲ್ದಾಣದ ಕಡೆಗೆ ನಡೆದರು.

ಆ ವರ್ಷಗಳು ಎಂಥವೆಂದು ನಿಮಗೆ ನೆನಪಿರಬಹುದು. ಊರೂರಿನಲ್ಲಿ ಮನಸ್ಸುಗಳು ಕೆಟ್ಟಿದ್ದವು. ಎಂದೂ ಜಗಳವಾಡದ ಬೀದಿಗಳಲ್ಲೂ ಜನ ಮಾತು ಅಳೆದು ಆಡುತ್ತಿದ್ದರು. ಅವರಿಬ್ಬರೂ ಬೀದಿಯ ತಿರುವು ದಾಟುವುದನ್ನು ನೋಡುತ್ತಿದ್ದ ಎದುರು ಮನೆಯ ನಾರಾಯಣಪ್ಪನವರು ಪೇಪರು ಮಡಚಿಕೊಂಡು ನನ್ನ ಹತ್ತಿರ ಬಂದರು. ಕಷ್ಟಕ್ಕಾಗುವ ನೆರೆಯವರು, ಉಷಾಳಿಗೆ ಹುಷಾರು ತಪ್ಪಿದಾಗಲೆಲ್ಲ ಆಟೋ ಕರೆತರುತ್ತಿದ್ದವರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಒಳ್ಳೇ ಕೆಲಸ ಮಾಡಿದ್ರಿ. ಅವರನ್ನ ಅಷ್ಟು ಒಳಗೆ ಬಿಟ್ಕೋಬಾರ್ದು ಅಂತ ನಾನೇ ಹೇಳಣ ಅಂತಿದ್ದೆ" ಅಂದರು.

ಅದು ಹಾಗಲ್ಲ ಎನ್ನಲು ಎಷ್ಟು ಹೊತ್ತು ಬೇಕು? ನಾನು ಸುಮ್ಮನೆ ನಿಂತೆ. ನಕ್ಕೆನೋ ಏನೋ. ನಾರಾಯಣಪ್ಪನವರು ತೃಪ್ತಿಯಿಂದ ತಮ್ಮ ಮನೆಗೆ ಹೋದರು.

ಇನ್ನೆರಡು ವಾರದ ಮೇಲೆ ಅನ್ವರ್ ಸಾಬರು ಒಬ್ಬರೇ ನಮ್ಮ ಕಚೇರಿಗೆ ಬಂದರು. ಹಿಂದಿನ ದಿನ ಮಗನನ್ನು ತಪಾಸಣೆಗೆ ಕರೆದೊಯ್ದಿದ್ದರು, ಡಾಕ್ಟರಮ್ಮ ಎಲ್ಲವನ್ನೂ ಹೇಳಿದ್ದರು. ನನ್ನ ಮೇಜಿನ ಎದುರು ಅರ್ಜಿದಾರರು ಕೂರುವ ಬೆಂಚಿನ ಮೇಲೆ ಕೂತು, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು.

"ಅಣ್ಣ, ಉಷಾಗೆ ನೆಗಡಿ ಇಲ್ಲ ಅಂತ ಆವತ್ತೇ ನನ್ನ ಮಗ ಹೇಳ್ದ" ಅಂದರು. "ನೆಗಡಿ ಆದ್ರೆ ಅವಳು ಹಂಗೆ ನಗಕ್ಕಾಗಲ್ಲ ಅಬ್ಬಾ, ಅರ್ಧಕ್ಕೇ ಕೆಮ್ಮು ಬರ್ತದೆ ಅಂದ. ಆಮೇಲೆ ಎರಡು ವಾರ ನಾನು ಬೇರೆ ಏನೋ ಅಂದ್ಕೊಂಡಿದ್ದೆ."

ಏನಂದುಕೊಂಡಿರಿ ಎಂದು ನಾನು ಕೇಳಲಿಲ್ಲ.

"ನೀವು ಹೇಳಿದ್ದಿದ್ರೆ ನಾನೇ ಕರ್ಕೊಂಡು ಬರ್ತಿರಲಿಲ್ಲ. ಅವಳಿಗೆ ಏನಾದ್ರೂ ಆಗೋದು ನನಗೆ ಬೇಕಾ?"

ತಪ್ಪಾಯಿತು ಎಂದೆ. ಅವರು ಆ ಮಾತನ್ನು ಅಲ್ಲಿಗೇ ಬಿಟ್ಟು, ಮಕ್ಕಳಿಗೆ ಏನು ಹೇಳುವುದು ಎಂದು ಕೇಳಿದರು. ಕೊನೆಗೆ ಇದ್ದದ್ದನ್ನೇ ಹೇಳಿದೆವು. ಉಷಾಳಿಗೆ ಹತ್ತು ವರ್ಷ. ಕೇಳಿ ಅವಳು ಅಳಲಿಲ್ಲ. ಹಾಗಾದರೆ ಎಷ್ಟು ದೂರದಲ್ಲಿ ಕೂತರೆ ಆಗಬಹುದು ಎಂದು ಕೇಳಿದಳು.

ಅದನ್ನೇ ಡಾಕ್ಟರಮ್ಮನಿಗೆ ಬರೆದು ಕೇಳಿದೆ. ಈ ಸಲ ಪತ್ರ ಬರೆಯಲು ತಡಮಾಡಲಿಲ್ಲ. ಪೂರ್ತಿ ಬಯಲಿನಲ್ಲಿ, ಬಹಳ ದೂರದಲ್ಲಿ, ಏನನ್ನೂ ಹಂಚಿಕೊಳ್ಳದೆ, ಸ್ವಲ್ಪ ಹೊತ್ತು ಎಂದು ಉತ್ತರ ಬಂತು. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ರಸ್ತೆಯ ಪಕ್ಕದಲ್ಲೇ, ಹಳ್ಳಿಯವರು ರಾಗಿ ಒಣಗಿಸುವ ಬಂಡೆಗಳಿದ್ದವು. ಸುಗ್ಗಿಯ ದಿನ ಬಿಟ್ಟರೆ ಬರೀ ಬಿಸಿಲು, ಗಾಳಿ. ತಿಂಗಳಿಗೊಂದು ಭಾನುವಾರ ಎರಡೂ ಕಡೆಯಿಂದ ಬಸ್ಸಿನಲ್ಲಿ ಬಂದು ಅಲ್ಲಿ ಇಳಿಯುತ್ತಿದ್ದೆವು. ಅನ್ವರ್ ಸಾಬರು ಕೈಗಳನ್ನು ಚಾಚಿ ಮೂರು ಮಾರು ಅಳೆದು ಸುಣ್ಣದಲ್ಲಿ ಗೆರೆ ಹಾಕಿದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡಿ ಉಷಾಳನ್ನು ಗಾಳಿ ಬರುವ ಕಡೆಗೂ ಇಮ್ತಿಯಾಜನನ್ನು ಅದು ಹೋಗುವ ಕಡೆಗೂ ಕೂರಿಸುತ್ತಿದ್ದೆವು. ದಾರಿಹೋಕರು ಇದೇನು ಪಂಚಾಯ್ತಿಯೋ ಎಂದು ನಿಂತು ನೋಡುತ್ತಿದ್ದರು.

ಅಷ್ಟು ದೂರಕ್ಕೆ ಕೇಳುವಂತೆ ಕೂಗಿ ಮಾತಾಡುವಷ್ಟು ಉಸಿರು ಇಬ್ಬರಲ್ಲೂ ಇರಲಿಲ್ಲ. ಆದ್ದರಿಂದ ಕೈಸನ್ನೆ ಹುಟ್ಟಿತು. ಎದೆ ಮುಟ್ಟಿಕೊಂಡು ಹುಬ್ಬು ಹಾರಿಸಿದರೆ ಈವತ್ತು ಹೇಗಿದೆ ಎಂದು. ಮೂಗು ಹಿಡಿದುಕೊಂಡರೆ ಮಾತ್ರೆಯ ಸಮಾಚಾರ. ಎರಡೂ ಕೈ ಉಜ್ಜಿ ತೊಳೆಯುವಂತೆ ಮಾಡಿ ಕಣ್ಣು ಮೇಲೆ ಮಾಡಿದರೆ, ಅದು ನಾನು. ಉಳಿದವು ನಮಗೆ ತಿಳಿಯುತ್ತಿರಲಿಲ್ಲ. ನಾವು ನಾಲ್ವರು ದೊಡ್ಡವರು ನಡುವೆ ಕೂತು, ನಮ್ಮ ತಲೆಯ ಮೇಲಿಂದ ಹಾದುಹೋಗುವ ಆ ಮಾತುಗಳ ಕೆಳಗೆ ಕಳ್ಳೇಕಾಯಿ ತಿನ್ನುತ್ತಿದ್ದೆವು. ಒಮ್ಮೊಮ್ಮೆ ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಏನೆಂದು ಕೇಳಿದರೆ ಹೇಳುತ್ತಿರಲಿಲ್ಲ.

ಮೂರು ವರ್ಷ ಹಾಗೆ ನಡೆಯಿತು. ಬರುಬರುತ್ತ ಇಮ್ತಿಯಾಜ್ ಬಸ್ಸಿನಿಂದ ಬಂಡೆಯವರೆಗೆ ನಡೆಯುವಾಗ ಎರಡು ಕಡೆ ನಿಲ್ಲತೊಡಗಿದ. ಆಮೇಲೆ ಅವನ ಅಪ್ಪ ಎತ್ತಿಕೊಂಡು ಬರುತ್ತಿದ್ದರು. ಹದಿನಾಲ್ಕು ವರ್ಷದ ಹುಡುಗ, ನಾಚಿಕೆಯಿಂದ ಮುಖವನ್ನು ಅಪ್ಪನ ಹೆಗಲಲ್ಲಿ ಮುಚ್ಚಿಕೊಳ್ಳುತ್ತಿದ್ದ. ಕೊನೆಯ ಎರಡು ತಿಂಗಳು ಅವರು ಬರಲಿಲ್ಲ. ಒಂದು ಬೆಳಿಗ್ಗೆ ಕಚೇರಿಗೆ ಫೋನು ಬಂತು.

ನಾನು ಹೋದಾಗ ಬೀದಿ ತುಂಬ ಜನ. ಅನ್ವರ್ ಸಾಬರು ಹಿರಿಯರ ನಡುವೆ ತಲೆ ತಗ್ಗಿಸಿ ಕೂತಿದ್ದರು. ನನ್ನನ್ನು ಕಂಡು ಎದ್ದರು. ನಾನು ಕೈ ಚಾಚಿದೆ. ಅವರು ನನ್ನ ಹತ್ತಿರ ಬರಲಿಲ್ಲ. ಅಂಗಳದ ಮೂಲೆಯ ನಲ್ಲಿಗೆ ಹೋಗಿ, ಸೋಪು ತೆಗೆದುಕೊಂಡು, ಮೊಣಕೈವರೆಗೆ ನಿಧಾನವಾಗಿ ತೊಳೆದುಕೊಂಡರು. ಬೆರಳುಗಳ ಸಂದಿಯನ್ನೂ ಬಿಡಲಿಲ್ಲ. ಜನ ನೋಡುತ್ತಿದ್ದರು. ಒಗೆದ ಟವೆಲ್ಲಿನಲ್ಲಿ ಒರೆಸಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಮನೇಲಿ ಉಷಾ ಇದಾಳಲ್ಲ ಅಣ್ಣ" ಅಂದರು.

ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ.

ಮಣ್ಣು ಹಾಕಿ ಬಂದು, ಹೊರಗೇ ಸ್ನಾನ ಮಾಡಿ ಒಳಗೆ ಹೋದರೆ ಉಷಾ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳೂ ಬರುತ್ತೇನೆಂದಿದ್ದಳು, ನಾನು ಬೇಡವೆಂದಿದ್ದೆ. ನನ್ನನ್ನು ನೋಡಿ ಎಡಗೈ ಮುಷ್ಟಿಯನ್ನು ಕೆನ್ನೆಗೆ ಒತ್ತಿ ಒಂದು ಸನ್ನೆ ಮಾಡಿದಳು. ನನಗೆ ಅರ್ಥವಾಗಲಿಲ್ಲ. ಸ್ವಲ್ಪ ಕಾದು ಕೈ ಕೆಳಗಿಳಿಸಿದಳು. ಅದನ್ನು ಓದಬಲ್ಲವರು ಇನ್ನು ಯಾರೂ ಇಲ್ಲವೆಂದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು ಅಂತ ಕಾಣುತ್ತದೆ.

ಉಷಾ ಬದುಕಿದಳು. ಅವಳ ರೋಗ ಮೊದಲಿನಿಂದಲೂ ಅಷ್ಟು ಉಗ್ರವಲ್ಲ, ಔಷಧಿಗಳೂ ಒಳ್ಳೆಯವು ಬಂದವು. ನನಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ ಇಲ್ಲೇ ನೆಲೆಸಿದೆವು. ಉಷಾ ಮನೆಯಲ್ಲೇ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ, ಜಗಲಿಯ ಮೇಲೆ, ದೂರ ದೂರ ಕೂರಿಸಿ. ಶಿಡ್ಲಘಟ್ಟಕ್ಕೆ ವರ್ಷಕ್ಕೊಮ್ಮೆ ನಾನೊಬ್ಬನೇ ಹೋಗಿ ಬರುತ್ತಿದ್ದೆ. ಅವಳನ್ನು ಯಾಕೆ ಕರೆದೊಯ್ಯಲಿಲ್ಲ ಎಂದರೆ, ಮೊದಮೊದಲು ಆ ಮನೆಯ ಹಾಸಿಗೆ ಗೋಡೆಗಳ ಭಯ. ಆಮೇಲೆ ಭಯ ಹೋಯಿತು, ಬದುಕಿರುವ ನನ್ನ ಮಗಳನ್ನು ಅವರ ಮುಂದೆ ನಿಲ್ಲಿಸಲು ಮನಸ್ಸು ಹಿಂಜರಿಯಿತು.

ಕಳೆದ ತಿಂಗಳು ಆ ಬಸ್ಸಿಳಿದು ಹೋದಾಗ ಅನ್ವರ್ ಸಾಬರು ಜಗಲಿಯಲ್ಲಿ ಕೂತಿದ್ದರು. ಇಬ್ಬರಿಗೂ ವಯಸ್ಸಾಗಿದೆ. ಏನನ್ನಿಸಿತೋ, ನಾರಾಯಣಪ್ಪನವರು ಗೇಟಿನ ಹತ್ತಿರ ಆಡಿದ ಮಾತನ್ನೂ, ನಾನು ತೆಪ್ಪಗಿದ್ದುದನ್ನೂ ಇಷ್ಟು ವರ್ಷದ ಮೇಲೆ ಹೇಳಿಬಿಟ್ಟೆ. ಅವರು, ಆ ತಿಂಗಳು ತಮ್ಮ ಬೀದಿಯಲ್ಲೂ ಇಬ್ಬರು ಬಂದು ನಮ್ಮ ಮನೆಯ ಸಹವಾಸ ಬಿಟ್ಟದ್ದು ಒಳ್ಳೆಯದಾಯಿತು ಎಂದಿದ್ದರೆಂದೂ, ತಾವೂ ಸುಮ್ಮನಿದ್ದುದಾಗಿಯೂ ಹೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಡುವಾಗ ಅವರು ಗೋಡೆ ಹಿಡಿದು ಎದ್ದು ನಿಂತು ಹೇಳಿದರು: "ಉಷಾನ್ನ ಒಂದ್ಸಲ ಕರ್ಕೊಂಡು ಬನ್ನಿ ಅಣ್ಣ. ಈಗ ನಮ್ಮನೇಲಿ ಅವಳಿಗೆ ಅಪಾಯ ಆಗೋದು ಯಾವುದೂ ಇಲ್ಲ."

ಊರಿಗೆ ಬಂದು ಆ ಮಾತನ್ನು ಇದ್ದಂತೆಯೇ ಉಷಾಳಿಗೆ ಹೇಳಿದೆ. ಅವಳು ಸ್ಲೇಟು ಒರೆಸುತ್ತಿದ್ದಳು. ಯಾವ ಬಸ್ಸಿಗೆ ಹೋಗೋಣ ಎಂದು ಕೇಳಿದಳು.

ನಿನ್ನೆ ಹೋಗಿದ್ದೆವು. ಬಾಗಿಲು ತೆಗೆದವರು ಫಾತಿಮಾ. ಬಹಳ ಇಳಿದುಹೋಗಿದ್ದಾರೆ. ಉಷಾಳನ್ನು ಹೊಸಲಿನ ಆಚೆಯಿಂದ, ತಲೆಯಿಂದ ಕಾಲಿನವರೆಗೆ ನೋಡಿದರು.

"ಎಷ್ಟಮ್ಮ ಈಗ ನಿನಗೆ?"

"ಮೂವತ್ತೊಂದು."

"ಅವನಿಗೆ ಮೂವತ್ತೆರಡು" ಎಂದು ಹೇಳಿ ಫಾತಿಮಾ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಉಷಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಒಳಗಿನಿಂದ ಇಬ್ಬರು ಹೆಂಗಸರ ಮೆಲು ದನಿ ಕೇಳತೊಡಗಿತು. ಅನ್ವರ್ ಸಾಬರು ಜಗಲಿಯ ಮೇಲೆ ನನಗೆ ಜಾಗ ಮಾಡಿಕೊಟ್ಟರು. ನಾವಿಬ್ಬರೂ ಹೊರಗೇ ಕೂತೆವು.